ಸಪ್ಪಳ ನಿಂತರೆ ಓಡುವವರು

ಕೆಲಸದ ಚಟವನ್ನು ಕೆಲಸದ ಜಾಗದಲ್ಲೇ ಬಿಟ್ಟು ಬರಬೇಕು ಅನ್ನುತ್ತಾರೆ. ನನ್ನದು ಮಾತ್ರ ಪ್ರತಿ ರಜೆಗೂ ಟಿಕೆಟ್ ಇಲ್ಲದೆ ನನ್ನ ಜೊತೆ ರೈಲು ಹತ್ತಿ ಬೀದರಿಗೆ ಬರುತ್ತದೆ, ಬಂದು ನನ್ನ ಮಾನ ಕಳೆಯುತ್ತದೆ.

ನಾನು ದುಡಿಯುವುದು ಗುಜರಾತಿನ ಹಳೆಯ ತೈಲಬಾವಿಗಳಲ್ಲಿ. ಸಲೀಸಾಗಿ ಬರುವ ಎಣ್ಣೆಯೆಲ್ಲ ಅಲ್ಲಿ ಎಂದೋ ಬಂದಾಯಿತು. ಉಳಿದದ್ದು ಕಾಕಂಬಿಯಷ್ಟು ಗಟ್ಟಿ, ನೆಲದಡಿಯ ಕಲ್ಲು ಬಿಟ್ಟು ಬರಲು ಒಲ್ಲೆ ಅನ್ನುತ್ತದೆ. ಅದಕ್ಕೆ ಒಂದು ಬಾವಿಯೊಳಗೆ ಗಾಳಿ ನುಗ್ಗಿಸಿ, ತಳದಲ್ಲಿ ಒಂದಿಷ್ಟು ಎಣ್ಣೆಗೆ ಬೆಂಕಿ ಹಚ್ಚುತ್ತೇವೆ. ಆ ಕಾವಿಗೆ ಮಿಕ್ಕ ಎಣ್ಣೆ ತೆಳ್ಳಗಾಗಿ ಪಕ್ಕದ ಬಾವಿಗಳತ್ತ ಹರಿಯುತ್ತದೆ. ಗಾಳಿ ನಿಲ್ಲಬಾರದು, ಅದೊಂದೇ ನಿಯಮ. ನಿಂತರೆ ಕೆಳಗಿನ ಬೆಂಕಿ ಕೆಡುತ್ತದೆ, ಅನಿಲ ಹಿಂದಕ್ಕೆ ಏರಿ ಅನಾಹುತವೂ ಆಗಬಹುದು. ಗಾಳಿ ಒತ್ತುವ ಕಂಪ್ರೆಸರಿನ ಸಪ್ಪಳ ನಿಂತಿತೆಂದರೆ ಉಣ್ಣುವವನೂ ತಟ್ಟೆ ಬಿಟ್ಟು ಓಡಬೇಕು. ಹೀಗೆ ಓಡಿ ಓಡಿ ನನ್ನ ಕಾಲುಗಳು ತಲೆಯ ಅಪ್ಪಣೆ ಕೇಳುವುದನ್ನೇ ಬಿಟ್ಟಿವೆ.

ಆರದ ಬೆಂಕಿ

ಬೀದರಿನಲ್ಲೇ ಇರುವ ಮೈಲೂರಿನ ನಮ್ಮ ಚರ್ಚಿನಲ್ಲಿ ಒಬ್ಬ ಹಿರಿಯರಿದ್ದಾರೆ, ನಿವೃತ್ತ ಮಾಸ್ತರರು. ಒಂದು ಭಾನುವಾರ ನನ್ನ ತೋಳು ಹಿಡಿದು ಕೇಳಿದರು, "ಖರೇ ಹೇಳು, ಅಲ್ಲಿ ಏನ್ ಕೆಲಸ ಮಾಡ್ತಿ?"

"ನೆಲದ ತೆಳಗ ಬೆಂಕಿ ಅದರಿ. ಅದು ಆರಬಾರದಂತ ಗಾಳಿ ಹಾಕ್ತೇವ್ರಿ."

"ಎಷ್ಟ್ ದಿನ ಉರೀತದ?"

"ನಾವು ಗಾಳಿ ಹಾಕೋತನ ಉರೀತದ್ರಿ. ವರ್ಷಗಟ್ಟಲೆ."

ಮುಂದಿನ ಭಾನುವಾರ ಪ್ರಾರ್ಥನೆ ನಡೆಸುವ ಸರದಿ ಅವರದೇ. "ಕರ್ತನೇ, ಭೂಮಿಯ ಕೆಳಗೆ ಆರದ ಬೆಂಕಿಗೆ ಗಾಳಿ ಹಾಕುತ್ತಿರುವ ಈ ಮಗನನ್ನು ಅಲ್ಲಿಂದ ಬೇಗ ಬಿಡಿಸು" ಎಂದು ಕಣ್ಣೀರು ತಂದುಕೊಂಡರು. ಇಡೀ ಸಭೆ ಆಮೆನ್ ಅಂದಿತು. ಬೈಬಲಿನಲ್ಲಿ ಆರದ ಬೆಂಕಿ ಅಂದರೆ ನರಕ. ನಾನು ಬೆಂಚಿನಲ್ಲೇ ಕುಗ್ಗಿಹೋದೆ.

ಹೊರಗೆ ಬಂದಾಗ ಗಂಡ ಸತ್ತು ವರ್ಷಗಳಾಗಿದ್ದ ಒಬ್ಬ ಮುದುಕಿ ಅವ್ವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು, "ನಿಮ್ಮ ಮಗನಿಗಿ ಜರಾ ಕೇಳ್ರಿ, ನಮ್ಮ ಮನಿಯವರು ಅಲ್ಲೆಲ್ಲರೆ ಕಂಡಾರೇನಂತ."

ಭಾಲ್ಕಿ ಬಸ್ಸು

ಭಾಲ್ಕಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ. ನನಗೆ ಹೆಣ್ಣು ಹುಡುಕುವ ಹೊಣೆ ಅವಳದು. ಅವಳು ನೋಡಿದ ಎರಡು ಸಂಬಂಧ ಆಗಲೇ ಮುರಿದಿದ್ದವು. ಒಂದು ಮನೆಯಲ್ಲಿ ಫ್ರಿಜ್ಜಿನ ಗುಂಯ್ ಅನ್ನುವ ಸದ್ದು ನಿಂತದ್ದಕ್ಕೆ ನಾನು ನೇರ ಅವರ ಅಡುಗೆಮನೆಗೆ ನುಗ್ಗಿದ್ದೆ. ಇನ್ನೊಂದರಲ್ಲಿ ಫ್ಯಾನು. ಎರಡೂ ಕಡೆಯವರು ಹೇಳಿ ಕಳಿಸಿದ್ದು ಒಂದೇ ಮಾತು, "ಹುಡುಗ ಛಲೋ ಇದ್ದಾನ್ರಿ, ಆದರ ಕೂಡ್ಲಿಕ್ಕಿ ಬರೂದಿಲ್ಲ."

ಮೂರನೆಯದು ಔರಾದದಲ್ಲಿ. ಅತ್ತೆಯನ್ನು ಕರೆತರಲು ಭಾಲ್ಕಿ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು, ನಿದ್ದೆ ಹತ್ತಿತ್ತು. ದಾರಿಯಲ್ಲಿ ಎಂಜಿನ್ ಸದ್ದು ನಿಂತಿತು. ಕಣ್ಣು ಬಿಡುವ ಮೊದಲೇ ನಾನು "ಬಂದ್ ಆಯ್ತು! ಓಡ್ರಿ!" ಎಂದು ಕೂಗಿ ಕೆಳಗೆ ಜಿಗಿದಿದ್ದೆ. ಬಸ್ಸಿಗೆ ಬೆಂಕಿ ಹತ್ತಿತೆಂದು ಉಳಿದವರೆಲ್ಲ ಗಂಟು ಮೂಟೆ ಸಮೇತ ನನ್ನ ಹಿಂದೆ.

ಡ್ರೈವರ್ ಚಹಾದಂಗಡಿಯ ಮುಂದೆ ಕಪ್ಪು-ಬಸಿ ಹಿಡಿದು ನಿಂತಿದ್ದ. "ನಾನೇ ಬಂದ್ ಮಾಡೀನ್ರಿ. ಒಂದ್ ಚಹಾನೂ ಕುಡಿಬಾರದೇನು?"

ಅಷ್ಟರಲ್ಲಿ ರಸ್ತೆ ಬದಿ ಕಾಯುತ್ತಿದ್ದ ಒಂದು ಮದುವೆ ದಿಬ್ಬಣ ಖಾಲಿ ಬಸ್ಸು ಹತ್ತಿ ಎಲ್ಲ ಸೀಟುಗಳಲ್ಲೂ ಕೂತುಬಿಟ್ಟಿತ್ತು. ಭಾಲ್ಕಿ ಬರುವವರೆಗೂ ನಿಂತೇ ಹೋದೆವು. ಒಂದು ಬಸ್ಸು ತುಂಬ ಜನ ಬಾಯಿಗೆ ಬಂದಂತೆ ಬೈದರು. ಕೂತ ಮದುಮಗ ಮಾತ್ರ ನನಗೆ ಕೈಮುಗಿದ.

ಔರಾದದ ಗಿರಣಿ

"ಈ ಸಲ ಭೂಕಂಪ ಆದರೂ ಏಳಬ್ಯಾಡ" ಎಂದು ಅತ್ತೆ ಔರಾದ ಮುಟ್ಟುವವರೆಗೂ ತಾಕೀತು ಮಾಡಿದಳು. ನನಗೂ ಏಳುವ ಮನಸ್ಸಿರಲಿಲ್ಲ. ಫೋಟೋ ನೋಡಿದಾಗಿನಿಂದ ಈ ಹುಡುಗಿಯೇ ಆಗಲಿ ಅನ್ನಿಸಿತ್ತು. ಬೀದರಿನ ಆಸ್ಪತ್ರೆಯಲ್ಲಿ ನರ್ಸು.

ಅವರ ಮನೆಗೆ ಹೋದರೆ ಗೋಡೆಯ ಆಚೆಯೇ ಹಿಟ್ಟಿನ ಗಿರಣಿ, ಟಕಟಕ ಓಡುತ್ತಿದೆ. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತೆ. ಹುಡುಗಿಯ ತಂದೆ ತೊಗರಿ ವ್ಯಾಪಾರಿ, ಮಾಲು ಪರೀಕ್ಷಿಸುವ ಕಣ್ಣಿನಿಂದ ನನ್ನ ಕುಣಿಯುವ ಪಾದಗಳನ್ನೇ ನೋಡುತ್ತಿದ್ದರು. ಅತ್ತೆ ನನ್ನ ಮೊಣಕಾಲು ಅದುಮಿ ಹಿಡಿದು, ಬಾಯಲ್ಲಿ ಮಾತ್ರ ನನ್ನ ಶಾಂತ ಸ್ವಭಾವವನ್ನು ಹೊಗಳುತ್ತಿದ್ದಳು. ಹುಡುಗಿ ಚಹಾದ ಟ್ರೇ ಹಿಡಿದು ಬಂದಳು. ತಂದೆಗೆ ಹಿಡಿಸಿತೆಂದು ಕಾಣುತ್ತದೆ, "ಮತ್ತ ಲಗ್ನ ಯಾವಾಗ ಇಟ್ಕೊಳ್ಳೂಣು..." ಎಂದು ಬಾಯಿ ತೆಗೆದರು.

ಗಿರಣಿ ನಿಂತಿತು.

ನನಗೆ ನೆನಪಿರುವುದು ಬೀದಿಯ ಬಿಸಿಲು. ಬರಿಗಾಲಲ್ಲಿ ಓಡುತ್ತಿದ್ದೆ. ವಿಚಿತ್ರವೆಂದರೆ ನನಗಿಂತ ಮುಂದೆ ಇನ್ನೊಬ್ಬರು ಓಡುತ್ತಿದ್ದರು, ರೇಷ್ಮೆ ಸೀರೆಯಲ್ಲಿ.

ಗಿರಣಿಯ ಬಾಗಿಲಲ್ಲಿ ಇಬ್ಬರೂ ಏದುಸಿರು ಬಿಡುತ್ತ ನಿಂತೆವು. ಹಿಟ್ಟು ಮೆತ್ತಿದ ಮಾಲೀಕ ಕಣ್ಣರಳಿಸಿದ. "ಕರೆಂಟ್ ಹೋಗ್ಯಾದ್ರಿ. ನಿಮಗೇನಾಗ್ಯಾದ?"

ಅವಳು ತಲೆ ತಗ್ಗಿಸಿ ನನಗೆ ಹೇಳಿದಳು, "ಐಸಿಯುದಾಗ ಇರ್ತೇನ್ರಿ. ವೆಂಟಿಲೇಟರ್ ಸಪ್ಪಳ ನಿಂತ್ರ ಓಡೇಬೇಕ್ರಿ."

"ನಮ್ಮಲ್ಲಿ ಕಂಪ್ರೆಸರ್ರಿ."

"ಅದು ಯಾರಿಗಿ ಗಾಳಿ ಹಾಕ್ತದ್ರಿ?"

"ಹಳೆ ಬಾವಿಗೊಳಿಗ್ರಿ."

"ನಮ್ಮಲ್ಲೂ ಬಹಳ ಮಂದಿ ಹಳಬರೇರಿ" ಎಂದು ನಕ್ಕಳು. ಆ ನಗುವಿಗೆ ನನ್ನ ಕಾಲುಗಳು ಮೊದಲ ಬಾರಿ ತಾವಾಗಿ ನಿಂತವು.

ಅಷ್ಟರಲ್ಲಿ ಬೀದಿಯಿಂದ ಅತ್ತೆಯ ದನಿ ಮೊಳಗಿತು, "ಅಯ್ಯಯ್ಯೋ, ಹಿರಿಯಾರು ಹೂಂ ಅನ್ನೂದ್ರಾಗೇ ಇಬ್ಬರೂ ಓಡಿಹೋದ್ರಲ್ರೀ!" ಓಣಿಯ ಬಾಗಿಲುಗಳೆಲ್ಲ ತೆರೆದವು. ಅವಳ ಹಿಂದೆ ಹುಡುಗಿಯ ತಂದೆ ಬರುತ್ತಿದ್ದರು. ಮಗಳು ಓಡುವಾಗ ಅವರ ಮಡಿಲಲ್ಲಿಟ್ಟ ಟ್ರೇ ಇನ್ನೂ ಅವರ ಕೈಯಲ್ಲೇ ಇತ್ತು, ಅಂಗಿಯ ತುಂಬ ಚಹಾ. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ನನ್ನ ಮೂರನೆಯ ಸಂಬಂಧವೂ ಮುಗಿಯಿತು ಅಂದುಕೊಂಡೆ.

"ಸುಮ್ನಿರ್ರಿ ಅಕ್ಕಾರ" ಎಂದು ಅವರು ಅತ್ತೆಗೆ ಹೇಳಿದರು. "ಓಡಿಹೋಗೋ ಮಂದಿ ಬಸ್ ಸ್ಟ್ಯಾಂಡಿಗಿ ಓಡ್ತಾರ. ಗಿರಣಿಗಿ ಓಡೋರನ್ನ ನಾ ಎಲ್ಲೂ ಕಂಡಿಲ್ಲ. ಇವರನ್ನ ಬ್ಯಾರೆ ಯಾರ ಮಾಡ್ಕೋತಾರ್ರಿ? ಇವರಿಗಿವರನ್ನೇ ಕಟ್ಟಿಬಿಡೂಣು. ಆದರ ಜಲ್ದಿ, ಕರೆಂಟ್ ಬರೋತನಾ ಅಷ್ಟೇ ಇಬ್ಬರೂ ಒಂದ್ ಕಡಿ ನಿಂತಿರ್ತಾರ."