ಮಲ್ಲಿಗೆ ಇಪ್ಪತ್ತನಾಲ್ಕು ಹೆಜ್ಜೆಗೆ ನಿಲ್ಲುತ್ತಾಳೆ

ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷ. ಯೋಗಾನಂದ ಅಂಗಳದ ನಡುವೆ ಕುದುರೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಲೋಟ ಎತ್ತಿ ಕೊಟ್ಟ ಹೆಂಡತಿ ಗಂಗಾಮಣಿ, ಅದು ಖಾಲಿಯಾಗುವುದನ್ನೇ ಕಾಯುತ್ತ ಕೆಳಗೆ ನಿಂತಿದ್ದಳು.

ಗಂಗಾಮಣಿ: ನಾನ್ ಹೇಳೋದು ಇಷ್ಟೇ ಕಣ್ರೀ. ಮನುಷ್ಯ ಆದೋನು ಕೆಳಗಿಳಿದು ಕಾಫಿ ಕುಡೀತಾನೆ.

ಯೋಗಾನಂದ: ಇಳಿಯಕ್ಕಾಗಿದ್ರೆ ಇಳೀತಿರ್ಲಿಲ್ವಾ?

ಗಂಗಾಮಣಿ: ಹಂಗಾದ್ರೆ ಮುಂದಕ್ಕೆ ಹೋಗಿ.

ಯೋಗಾನಂದ: ಮುಂದಕ್ಕೆ ಹೋಗಕ್ಕಾಗಿದ್ರೆ ಇಲ್ಯಾಕೆ ಕೂತಿರ್ತಿದ್ದೆ?

ಗಂಗಾಮಣಿ: ಅಂದ್ರೆ ಈ ಕುದುರೆ ನಿಮ್ಮನ್ನ ಇಲ್ಲೇ ಪ್ರತಿಷ್ಠಾಪನೆ ಮಾಡ್ಬುಟ್ಟವ್ಳೆ ಅನ್ನಿ.

ಯೋಗಾನಂದ ಹತ್ತಿದ್ದು ಐದೂ ಐವತ್ತಕ್ಕೆ. ಅಲ್ಲಿಗೆ ಇಪ್ಪತ್ತೆರಡು ನಿಮಿಷವಾಗಿತ್ತು. ಬಾಳ್ಳುಪೇಟೆಯಿಂದ ಆಲೂರಿನ ಕಡೆ ಬರುವ ದಾರಿಯಲ್ಲಿ ಅವನದು ಎಂಟು ಎಕರೆ ಕಾಫಿ. ವಯಸ್ಸು ಐವತ್ತೆರಡು, ಓದಿದ್ದು ಬಿ.ಎಸ್ಸಿ. ಕುದುರೆಯ ಹೆಸರು ಮಲ್ಲಿಗೆ, ಬಣ್ಣ ಬಿಳಿ, ವಯಸ್ಸು ಹದಿನಾರು. ಆಲೂರಿನ ತೋಟಪ್ಪ ಅವಳನ್ನು ಹತ್ತು ದಿನದ ಪರೀಕ್ಷೆಗೆಂದು ಬಿಟ್ಟುಹೋಗಿದ್ದ. ಕಟ್ಟಿಹಾಕಿ ಹುಲ್ಲು ಹಾಕುವವರಿಗೆ ಕೊಡೋದಿಲ್ಲ, ಮೇಲೆ ಕೂತು ಓಡಾಡಿಸುವವರಿಗೇ ಕೊಡೋದು ಅಂತ ಅವನ ಹಟ. ಷರತ್ತು ಎರಡು. ಗೇಟಿನಿಂದ ಮನೆ ಬಾಗಿಲವರೆಗೆ ಸವಾರಿ ಮಾಡಬೇಕು, ಹಗ್ಗವನ್ನು ಯಾರೂ ಹಿಡಿಯಬಾರದು. ಇಳಿಯುವಾಗ ಬೀಳಬಾರದು. ಆಗಲಿಲ್ಲವೋ, ಮಂಗಳೂರು ಕಡೆ ಕಡಲ ತೀರದ ಮರಳಲ್ಲಿ ದಿನವಿಡೀ ಸವಾರಿ ಕೊಡುವವನೊಬ್ಬ ಕೇಳಿದ್ದಾನೆ. ಗಾಡಿ ಇವತ್ತು ಏಳೂವರೆಗೆ ಬರುತ್ತದೆ.

ಕುದುರೆ ಯಾಕೆ ಎಂದು ಕೇಳಿದವರಿಗೆಲ್ಲ ಯೋಗಾನಂದ, ಮೇಲಿನ ಮೆಣಸಿನ ತಾಕಿಗೆ ಜೀಪು ಹತ್ತುವುದಿಲ್ಲ ಎಂದು ಕಾರಣ ಕೊಡುತ್ತಿದ್ದ. ಗಂಗಾಮಣಿ, ಈ ವಯಸ್ಸಿನಲ್ಲಿ ಇದು ಬೇಕಿತ್ತಾ ಎಂದು ಹತ್ತು ದಿನವೂ ಬೈದಿದ್ದಳು. ಅದೇ ಹತ್ತು ದಿನದಲ್ಲಿ ಅಡುಗೆಮನೆ ಡಬ್ಬದ ಬೆಲ್ಲ ಅರ್ಧವಾಗಿತ್ತು. ಇಬ್ಬರೂ ಆ ತಪ್ಪನ್ನು ಇರುವೆಗಳ ಮೇಲೆ ಹಾಕಿದ್ದರು.

ಗಂಗಾಮಣಿ: ಕಾಲಲ್ಲಿ ಒತ್ತಿ ನೋಡಿ.

ಯೋಗಾನಂದ: ಒತ್ತಿದೆ.

ಗಂಗಾಮಣಿ: ಜೋರಾಗಿ ಒತ್ತಿ.

ಯೋಗಾನಂದ: ಜೋರಾಗಿ ಒತ್ತಿದ್ರೆ ನಂಗೆ ನೋವಾಗ್ತದೆ, ಅವ್ಳಿಗಲ್ಲ.

ಗಂಗಾಮಣಿ: ಫೋನಲ್ಲಿ ಅಷ್ಟು ವಿಡಿಯೋ ನೋಡಿದ್ರಲ್ಲ, ಅದ್ರಲ್ಲಿ ಏನ್ ಹೇಳ್ಕೊಟ್ರು?

ಯೋಗಾನಂದ: ಓಡೋ ಕುದುರೇನ ನಿಲ್ಸೋದು ಹೆಂಗೆ ಅಂತ.

ಗಂಗಾಮಣಿ: ಅದ್ರಲ್ಲಿ ನೀವು ಪಾಸಾದ್ರಿ ಬುಡಿ.

ಯೋಗಾನಂದ ನಿಲ್ಲಿಸುವುದನ್ನೇ ಮೊದಲು ಕಲಿತದ್ದಕ್ಕೆ ಕಾರಣವಿತ್ತು. ಬಿಟ್ಟುಹೋಗುವಾಗ ತೋಟಪ್ಪ, ಇದರ ಮೇಲೆ ಸಾವಿರ ಜನರ ಕಣ್ಣು ಬಿದ್ದಿದೆ, ಅಕ್ಕಪಕ್ಕ ಜನ ಕೂಗೋರು ಕುಣಿಯೋರು, ಒಂದು ದಿನವೂ ಬೆದರಿಲ್ಲ ಎಂದು ಹೊಗಳಿದ್ದ. ಅದನ್ನು ಕೇಳಿ ಯೋಗಾನಂದ ಮಲ್ಲಿಗೆ ಮೈಸೂರಿನ ರೇಸಿನಲ್ಲಿ ಓಡಿದವಳೆಂದು ತೀರ್ಮಾನಿಸಿದ. ಮಾರನೇ ದಿನವೇ ಸಕಲೇಶಪುರಕ್ಕೆ ಹೋಗಿ ಹೊಸ ಹೆಲ್ಮೆಟ್ ತಂದ.

ಕಾಫಿ ಬೆಳೆಯುವವರ ಮನೆಯಲ್ಲಿ ಮಳೆ ಪುಸ್ತಕವೊಂದು ಇರಲೇಬೇಕು. ದಿನಾ ಬೆಳಿಗ್ಗೆ ಮಳೆ ಅಳೆದು ಎಷ್ಟು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟು ಎಷ್ಟು ಎಂದು ಬರೆದಿಡುವುದು. ಯೋಗಾನಂದ ಕುದುರೆಯ ಅಂಕಿಅಂಶವನ್ನೂ ಅದರಲ್ಲೇ ಬರೆಯುತ್ತಿದ್ದ. ಈಗ ಜೇಬಿನಿಂದ ಅದನ್ನು ತೆಗೆದು ಮಲ್ಲಿಗೆಯ ಕತ್ತಿನ ಮೇಲೆ ಬಿಡಿಸಿಟ್ಟ.

ಯೋಗಾನಂದ: ಕೇಳಿಲ್ಲಿ. ಕೆಲಸದೋರು ಮುಂದೆ ನಡ್ಕೊಂಡು ಹೋಗೋ ಹೊತ್ನಲ್ಲಿ ಇಪ್ಪತ್ನಾಕು ಹೆಜ್ಜೆ ಇಡ್ತಾಳೆ. ನಲವತ್ತಡಿ. ಆಮೇಲೆ ಮೂರು ನಿಮಿಷ ನಿಲ್ತಾಳೆ. ಮತ್ತೆ ಇಪ್ಪತ್ನಾಕು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಜನ ಇಲ್ಲದಿದ್ರೆ ಸೊನ್ನೆ.

ಗಂಗಾಮಣಿ: ಬಿದ್ದಿದ್ದು ಎಷ್ಟು ಸಲ, ಅದನ್ನ ಬರ್ದಿದ್ದೀರಾ?

ಯೋಗಾನಂದ: ನಾಕು. ನಾಕೂ ಇಳಿಯೋವಾಗ. ಕಾಲು ಎತ್ತಿದ ತಕ್ಷಣ ಇವ್ಳು ಒಂದು ಹೆಜ್ಜೆ ಮುಂದಕ್ಕೆ ಹೋಗ್ತಾಳೆ. ಹಂಗೆ ನಿಂತು ನಿಂತು ಹೋಗೋದು ನೋಡಿದ್ರೆ ಹೃದಯದ ತೊಂದ್ರೆ ಏನಾದ್ರೂ ಇರ್ಬೋದಾ ಅಂತ ಅನುಮಾನ.

ಗಂಗಾಮಣಿ: ಬೀಳೋದು ನೀವು, ಹೃದಯ ಅವ್ಳದ್ದಾ?

ಆರೂ ನಲವತ್ತಕ್ಕೆ ರಸ್ತೆಯ ತಿರುವಿನಲ್ಲಿ ಪಂಚಾಯಿತಿಯ ಕಸದ ಗಾಡಿ ಕಾಣಿಸಿಕೊಂಡಿತು. ಹಸಿ ಕಸ, ಒಣ ಕಸ ಬೇರೆ ಮಾಡಿ ಎನ್ನುವ ಧ್ವನಿ ಮುಗಿದು, ಡೋಲು ತಮಟೆಯ ಕುಣಿತದ ಹಾಡೊಂದು ಶುರುವಾಯಿತು. ಮಲ್ಲಿಗೆ ಕಿವಿ ನಿಮಿರಿಸಿದಳು. ಕತ್ತು ಬಿಲ್ಲಿನ ಹಾಗೆ ಬಾಗಿಸಿ, ಇದ್ದ ಜಾಗದಲ್ಲೇ ಒಂದು ಸುತ್ತು ತಿರುಗಿ, ಮುಂಗಾಲನ್ನು ಎತ್ತಿ ಎತ್ತಿ ಇಡುತ್ತ ಗೇಟಿನ ಕಡೆ ನಡೆದಳು. ಯೋಗಾನಂದ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಮಳೆ ಪುಸ್ತಕ ಹಿಡಿದು ಸುಮ್ಮನೆ ಜೊತೆಗೆ ಹೋದ. ಗಾಡಿ ಗೇಟಿನ ಮುಂದೆ ನಿಂತಿತು. ಮಲ್ಲಿಗೆಯೂ ನಿಂತಳು. ಕಸ ಕೇಳಲು ಬಾಯಿ ತೆರೆದಿದ್ದ ಡ್ರೈವರ್, ಹೆಲ್ಮೆಟ್ ಹಾಕಿಕೊಂಡು ಗಂಭೀರವಾಗಿ ಕುದುರೆ ಮೇಲೆ ಬಂದವನನ್ನು ನೋಡಿ ಕೈಮುಗಿದು ಮುಂದಕ್ಕೆ ಹೋದ.

ಹಿಂದೆ ಓಡಿಬಂದ ಗಂಗಾಮಣಿ ಗೇಟಿನ ಕಂಬ ಹಿಡಿದುಕೊಂಡು ನಿಂತಳು. ನಗು ಬಂದು ಅವಳಿಗೆ ಮಾತೇ ಹೊರಡುತ್ತಿರಲಿಲ್ಲ.

ಯೋಗಾನಂದ: ಏನಾಯ್ತು?

ಗಂಗಾಮಣಿ: ರೀ, ಹೋದ ತಿಂಗಳು ಹಾಸನದಲ್ಲಿ ನಮ್ಮಕ್ಕನ ಮಗನ ವರಪೂಜೆಗೆ ಹೋಗಿದ್ವಲ್ಲ. ಹುಡುಗ ಎಷ್ಟೊತ್ತಿಗೆ ಛತ್ರ ಮುಟ್ದ?

ಯೋಗಾನಂದ: ಒಂದು ಗಂಟೆ ಹತ್ತು ನಿಮಿಷ ತಗೊಂಡ. ಬಸ್‌ಸ್ಟ್ಯಾಂಡಿಂದ ಛತ್ರಕ್ಕೆ ಮುನ್ನೂರು ಮೀಟರೂ ಇಲ್ಲ.

ಗಂಗಾಮಣಿ: ಯಾಕೆ ಅಷ್ಟೊತ್ತಾಯ್ತು?

ಯೋಗಾನಂದ: ನಾಕು ಹೆಜ್ಜೆಗೊಂದ್ಸಲ ನಿಲ್ಸಿ ಎಲ್ರೂ ಕುಣೀತಿದ್ರಲ್ಲ.

ಗಂಗಾಮಣಿ: ಹುಡುಗ ಯಾವುದ್ರ ಮೇಲೆ ಕೂತಿದ್ದ?

ಯೋಗಾನಂದ ತಾನು ಕೂತಿದ್ದ ಬಿಳಿ ಕುದುರೆಯ ಕಡೆ ಕಣ್ಣು ಇಳಿಸಿದ. ಮಳೆ ಪುಸ್ತಕವನ್ನು ತೆರೆದು, ಹತ್ತು ದಿನದ ಅಂಕಿಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. ಎಲ್ಲವೂ ಸರಿಹೊಂದುತ್ತಿತ್ತು. ಮೆಲ್ಲಗೆ ಹೆಲ್ಮೆಟ್ ತೆಗೆದು ಹೆಂಡತಿಯ ಕೈಗೆ ಕೊಟ್ಟ.

ತೋಟಪ್ಪ ಐದು ನಿಮಿಷ ಮೊದಲೇ, ಏಳೂ ಇಪ್ಪತ್ತೈದಕ್ಕೆ ಗಾಡಿ ತಂದ. ಗಂಗಾಮಣಿ ಅವನು ಇಳಿಯುವ ಮೊದಲೇ ಹಿಡಿದಳು.

ಗಂಗಾಮಣಿ: ಏನ್ ತೋಟಪ್ಪ, ಮದುವೆ ಮೆರವಣಿಗೆ ಕುದುರೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?

ತೋಟಪ್ಪ: ಹೇಳಿದ್ನಲ್ಲಕ್ಕ. ಜನ ಕೂಗೋರು, ಕುಣಿಯೋರು ಅಂದಿದ್ದೆ.

ಯೋಗಾನಂದ: ನಾನು ರೇಸು ಅನ್ಕೊಂಡೆ ಕಣೋ ಮಾರಾಯ.

ತೋಟಪ್ಪ: ರೇಸಲ್ಲಿ ಯಾರಣ್ಣ ಕುಣೀತಾರೆ?

ಯೋಗಾನಂದ: ಗೆದ್ದೋರು.

ಹನ್ನೊಂದು ವರ್ಷ ಹಾಸನ, ಆಲೂರು, ಸಕಲೇಶಪುರದ ಛತ್ರಗಳಿಗೆ ಮಲ್ಲಿಗೆಯನ್ನು ನಡೆಸಿದ್ದು ತಾನೇ ಎಂದ ತೋಟಪ್ಪ. ಈಗ ಮಂಡಿ ನೋವು, ಮೆರವಣಿಗೆಯ ಮುಂದೆ ನಡೆಯಲಾಗುವುದಿಲ್ಲ. ಇವರು ಇಟ್ಟುಕೊಂಡರೆ ತನಗೂ ಸಂತೋಷವೇ, ಆದರೆ ಮಾತು ಮಾತೇ ಎಂದು ಹೇಳಿ ಗಾಡಿಯ ಹಿಂದಿನ ಹಲಗೆಯ ಒಂದು ಕೊಂಡಿ ಬಿಚ್ಚಿದ. ಅಷ್ಟರಲ್ಲಿ ತೋಟದ ಕೆಲಸಕ್ಕೆ ಬಂದ ರಾಮಮ್ಮ, ಮಂಗ ಓಡಿಸಲು ಬಡಿಯುವ ತಗಡಿನ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ನೋಡುತ್ತ ನಿಂತಳು. ಯೋಗಾನಂದನ ಕಣ್ಣು ಆ ಡಬ್ಬದ ಮೇಲೆ ಬಿತ್ತು.

ಯೋಗಾನಂದ: ರಾಮಮ್ಮ, ಮದುವೆ ಮೆರವಣಿಗೆ ಅನ್ಕೊಂಡ್ರೆ ಇವ್ಳು ನಡೀತಾಳೆ. ಅದನ್ನ ತಾಳಕ್ಕೆ ಬಡಿಯಕ್ಕೆ ಬರ್ತದಾ?

ರಾಮಮ್ಮ: ಬಡೀತೀನಿ ಕಣಪ್ಪ. ಆದ್ರೆ ಬಡಿಯೋದು, ಕುಣಿಯೋದು ಎರಡೂ ನಂಗೊಬ್ಬಳಿಗೇ ಆಗಲ್ಲ.

ಮೂವರೂ ಗಂಗಾಮಣಿಯನ್ನು ನೋಡಿದರು.

ಗಂಗಾಮಣಿ: ನನ್ಯಾಕೆ ನೋಡ್ತೀರಾ?

ಯೋಗಾನಂದ: ಕುಣಿಯಕ್ಕೆ ನೀವಿಬ್ರೇ ಇರೋದು ಗಂಗಾ. ನಾನು ಮೇಲಿದ್ದೀನಿ. ತೋಟಪ್ಪಂಗೆ ಮಂಡಿ.

ಗಂಗಾಮಣಿ: ಇಪ್ಪತ್ತಾರು ವರ್ಷದಿಂದ ನೀವು ಕುಣಿಸಿದ ಹಂಗೆ ಕುಣಿದಿಲ್ವಾ? ಸಾಲ್ದಾ?

ಯೋಗಾನಂದ: ಅದಕ್ಕೆ ತಾಳ ಇರ್ಲಿಲ್ಲ.

ಗಂಗಾಮಣಿ: ನನ್ನ ಮದುವೇಲೇ ನಾನು ಕುಣೀಲಿಲ್ಲ. ಇವತ್ತು ನೈಟಿಯಲ್ಲಿ, ರಸ್ತೆ ಪಕ್ಕ ನಿಂತು, ಒಂದು ಕುದುರೆಗೋಸ್ಕರ ಕುಣೀಬೇಕಾ?

ಯೋಗಾನಂದ: ಪೂರ್ತಿ ಇನ್ನೂರ ನಲವತ್ತಡಿ. ನಲವತ್ತರ ಹಂಗೆ ಆರು ಸಲ ನಡೀಬೇಕು. ನಡುವೆ ನಿಲ್ಲೋದು ಐದೇ ಸಲ. ಮೂರು ನಿಮಿಷದ ಹಂಗೆ ಹದಿನೈದೇ ನಿಮಿಷ.

ಗಂಗಾಮಣಿ: ಲೆಕ್ಕ ಮಾಡ್ಬುಟ್ರೆ ನಾಚಿಕೆ ಕಮ್ಮಿಯಾಗ್ತದಾ?

ಯೋಗಾನಂದ ಮಳೆ ಪುಸ್ತಕ ಮಡಚಿ ಜೇಬಿಗಿಟ್ಟ. ತೋಟಪ್ಪ ಎರಡನೇ ಕೊಂಡಿಯನ್ನೂ ಬಿಚ್ಚಿದ. ಹಲಗೆ ಧಡ್ ಎಂದು ನೆಲಕ್ಕೆ ಬಿತ್ತು. ಅಭ್ಯಾಸವಿದ್ದ ಮಲ್ಲಿಗೆ ಅದನ್ನು ಒಮ್ಮೆ ನೋಡಿ, ಗಾಡಿ ಹತ್ತಬೇಕೇನೋ ಎನ್ನುವಂತೆ ತಲೆ ತಗ್ಗಿಸಿದಳು. ಯೋಗಾನಂದನ ಕೈ ಅವಳ ಕತ್ತಿನ ಕೂದಲೊಳಗೆ ಸೇರಿಕೊಂಡಿತ್ತು. ಗಂಗಾಮಣಿ ಅದನ್ನು ನೋಡಿದಳು. ಹೆಲ್ಮೆಟ್ಟನ್ನು ಗೇಟಿನ ಕಂಬಕ್ಕೆ ಸಿಕ್ಕಿಸಿ, ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಬಿಗಿದಳು.

ಗಂಗಾಮಣಿ: ಬಡಿಯೇ ರಾಮಮ್ಮ.

ಇಬ್ಬರೂ ಮುಂದೆ ಹೊರಟಿದ್ದೇ ಮಲ್ಲಿಗೆ ಮನೆ ಕಡೆ ತಿರುಗಿ, ಇಪ್ಪತ್ತನಾಲ್ಕು ಹೆಜ್ಜೆ ಇಟ್ಟು ನಿಂತಳು. ಈ ಮೊದಲ ನಿಲ್ದಾಣದಲ್ಲಿ ಗಂಗಾಮಣಿ ಕೈ ಮಾತ್ರ ಆಡಿಸಿದಳು, ಸೊಳ್ಳೆ ಓಡಿಸುವ ಹಾಗೆ. ಮಲ್ಲಿಗೆಗೆ ಅದು ಒಪ್ಪಿಗೆಯಾಗಲಿಲ್ಲ. ಮೂರು ನಿಮಿಷ ಕಳೆದರೂ ಕದಲಲಿಲ್ಲ. ಇನ್ನೂ ಜೋರಾಗಬೇಕು ಅಂತ ತೋಟಪ್ಪ ದೂರದಿಂದಲೇ ತಿಳಿಸಿದ, ಈ ಕುದುರೆ ಒಳ್ಳೊಳ್ಳೆ ಬೀಗರನ್ನು ನೋಡಿದೆ ಅಂತಲೂ ಸೇರಿಸಿದ. ಗಂಗಾಮಣಿ ಅವನ ಕಡೆ ಒಮ್ಮೆ ತಿರುಗಿ ನೋಡಿ, ಟವಲು ಬಿಚ್ಚಿ ತಲೆಯ ಮೇಲೆ ಬೀಸಿದಳು. ಮಲ್ಲಿಗೆ ಇಪ್ಪತ್ತನಾಲ್ಕು ಹೆಜ್ಜೆ ಇಟ್ಟಳು. ಎರಡನೆಯದರಲ್ಲಿ ರಾಮಮ್ಮ ಬಡಿಯುತ್ತಲೇ ಸೊಂಟ ಆಡಿಸಿದಳು, ಆಗಲ್ಲ ಎಂದವಳು ತಾನೇ ಎಂಬುದು ಮರೆತಿತ್ತು. ಮೂರನೆಯದರಲ್ಲಿ ಮಂಡಿ ನೋವಿನ ತೋಟಪ್ಪ ಸೇರಿಕೊಂಡ. ನಾಲ್ಕನೆಯದರಲ್ಲಿ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೊರಟಿದ್ದ ಪಕ್ಕದ ತೋಟದ ದೇವೇಂದ್ರ, ಯಾರ ಮದುವೆ ಎಂದು ಕೇಳುವುದಕ್ಕೂ ನಿಲ್ಲದೆ ಕ್ಯಾನು ಕೆಳಗಿಟ್ಟು ಕುಣಿಯಲು ಶುರುಮಾಡಿದ. ಐದನೆಯದು ನಾಲ್ಕೂವರೆ ನಿಮಿಷ ಹಿಡಿಯಿತು. ಮಲ್ಲಿಗೆ ಹೊರಡಲು ತಯಾರಾಗಿದ್ದಳು, ಗಂಗಾಮಣಿ ಬಿಡಲಿಲ್ಲ.

ಕೊನೆಗೆ ಮನೆ ಬಾಗಿಲು. ಎಲ್ಲರೂ ಏದುಸಿರು ಬಿಡುತ್ತ ನಿಂತರು. ಹಗ್ಗವನ್ನು ಯಾರೂ ಮುಟ್ಟಿರಲಿಲ್ಲ. ಉಳಿದದ್ದು ಇಳಿಯುವುದು. ಯೋಗಾನಂದ ಬಲಗಾಲು ಎತ್ತಿದ. ಮಲ್ಲಿಗೆ ಒಂದು ಹೆಜ್ಜೆ ಮುಂದಕ್ಕೆ ಹೋದಳು. ಅವನು ಕತ್ತು ತಬ್ಬಿಕೊಂಡು ಹೇಗೋ ಉಳಿದ.

ಗಂಗಾಮಣಿ: ತೋಟಪ್ಪ, ಛತ್ರದ ಬಾಗಿಲಲ್ಲಿ ಹುಡುಗನ್ನ ಹೆಂಗೆ ಇಳಿಸ್ತಿದ್ರಿ?

ತೋಟಪ್ಪ: ಆರತಿ ಎತ್ತಿದ ಮೇಲೆ ಕಣಕ್ಕ. ಅದಕ್ಕೂ ಮುಂಚೆ ಇಳಿಯಕ್ಕೆ ಬಿಡ್ಬೇಡ ಅಂತ ನಾನೇ ಇವ್ಳಿಗೆ ಕಲಿಸಿದ್ದು. ಇಳಿದ ಹುಡುಗ್ರು ಫ್ರೆಂಡ್ಸ್ ಜೊತೆ ಕುಣಿಯಕ್ಕೆ ಹೋಗ್ಬುಡೋರು. ಮುಹೂರ್ತ ತಪ್ಪೋದು.

ಯೋಗಾನಂದ: ಇದನ್ನೂ ಹೇಳ್ಲಿಲ್ಲ ನೀನು.

ತೋಟಪ್ಪ: ನಿಮ್ಗೆ ಆರತಿ ಎತ್ತೋರು ಯಾರಣ್ಣ ಅಂತ ಸುಮ್ನಾದೆ.

ಗಂಗಾಮಣಿ ಒಳಗಿಂದ ಸ್ಟೀಲ್ ತಟ್ಟೆ ತಂದು ಬಾಗಿಲಲ್ಲೇ ಅರಿಶಿನದ ನೀರು ಕದಡಿ, ಉಗುರಿನಷ್ಟು ಸುಣ್ಣ ಹಾಕಿದಳು. ಹಳದಿ ಒಂದೇ ಕ್ಷಣದಲ್ಲಿ ಕೆಂಪಾಯಿತು. ಪ್ರಮಾಣ ಸರಿಯಾಗಿದೆ ಎಂದು ಯೋಗಾನಂದ ಮೇಲಿನಿಂದಲೇ ಒಪ್ಪಿಗೆ ಸೂಚಿಸಿದ. ಬಾಯಿ ಮುಚ್ಚಿಕೊಂಡು ಕೂರುವಂತೆ ಅವಳು ಕಣ್ಣಲ್ಲೇ ಹೇಳಿದಳು. ತಟ್ಟೆ ಮೂರು ಸುತ್ತು ತಿರುಗಿತು. ಮಲ್ಲಿಗೆ ನಾಲ್ಕೂ ಕಾಲನ್ನು ನೆಲಕ್ಕೆ ಊರಿ, ಕಣ್ಣು ಅರ್ಧ ಮುಚ್ಚಿ, ಕಲ್ಲಿನ ಹಾಗೆ ನಿಂತಳು. ಯೋಗಾನಂದ ಕಾಲು ದಾಟಿಸಿದ, ಜಾರಿದ, ಎರಡೂ ಪಾದದ ಮೇಲೆ ನಿಂತ. ನಿಂತಿದ್ದೇನೆಯೇ ಎಂದು ಕೆಳಗೆ ನೋಡಿಕೊಂಡು ಖಚಿತಪಡಿಸಿಕೊಂಡ.

ತೋಟಪ್ಪ ಗೇಟಿನವರೆಗೆ ಕುಂಟುತ್ತ ಹೋಗಿ ಹಲಗೆ ಎತ್ತಿ ಎರಡೂ ಕೊಂಡಿ ಹಾಕಿದ. ಗಾಡಿ ಖಾಲಿಯೇ ತಿರುಗಿತು.

ಯೋಗಾನಂದ ಒಳಗೆ ಹೋಗಲು ಕಾಲೆತ್ತಿದ್ದೇ ರಾಮಮ್ಮ ಡಬ್ಬವನ್ನು ಬಾಗಿಲಿಗೆ ಅಡ್ಡ ಹಿಡಿದಳು.

ರಾಮಮ್ಮ: ಆರತಿ ಆದ್ಮೇಲೆ ಹಂಗೆ ನುಗ್ಗಂಗಿಲ್ಲ ಕಣಪ್ಪ. ಹೆಂಡ್ತಿ ಹೆಸ್ರು ಹೇಳ್ಬುಟ್ಟು ಹೊಸಿಲು ದಾಟ್ಬೇಕು.

ಗಂಗಾಮಣಿ: ಬ್ಯಾಡ ರಾಮಮ್ಮ, ಇವ್ರನ್ನ ಹೊಸಿಲಲ್ಲಿ ನಿಲ್ಸಿ ಹೆಸ್ರು ಕೇಳ್ಬೇಡ. ಹಾಸನದಲ್ಲಿ ಮೂರು ವರ್ಷ ಕೆಮಿಸ್ಟ್ರಿ ಲ್ಯಾಬಲ್ಲಿ ನನ್ನ ಎದುರಿಗೇ ನಿಂತಿದ್ರು, ಒಂದು ದಿನ ಮಾತಾಡಿರ್ಲಿಲ್ಲ. ಸಂಬಂಧ ಕೂಡಿಬಂದಿದ್ದು ಆಮೇಲೆ. ಮದುವೆ ದಿನ ಇದೇ ಬಾಗಿಲಲ್ಲಿ ಅಡ್ಡಗಟ್ಟಿ ಹೆಂಡ್ತಿ ಹೆಸ್ರು ಹೇಳು ಅಂದ್ರು. ಇಡೀ ಚಪ್ಪರಕ್ಕೆ ಕೇಳೋ ಹಂಗೆ ನನ್ನ ರೋಲ್ ನಂಬರ್ ಹೇಳ್ಬುಟ್ರು.

ರಾಮಮ್ಮ: ಅಯ್ಯೋ ಶಿವನೆ. ಎಷ್ಟಂತೆ?

ಗಂಗಾಮಣಿ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಲ್ಲಿಗೆಯ ಕತ್ತಿನ ಆಚೆ ಬದಿಗೆ ಹೋಗಿ ಮುಖ ಮರೆಸಿಕೊಂಡಿದ್ದ ಯೋಗಾನಂದನ ಧ್ವನಿ ಕೇಳಿತು.

ಯೋಗಾನಂದ: ಐವತ್ತೇಳು.