ಮೂರನೇ ಕೆಲಸದಲ್ಲಿ ನನ್ನನ್ನು ನಪಾಸು ಮಾಡುವ ಬಗ್ಗೆ

ಇಂದ:
ಲಿಫ್ಟ್ ರಿಪೇರಿ ಮಾಡ್ಕೊಂಡಿದ್ದು ಈಗ ಮನೇಲಿ ಕೂತಿರೋ ಮುದುಕ,
ಮೂರನೇ ಮಹಡಿ, ಲಿಫ್ಟ್ ಇಲ್ಲದ ಕಟ್ಟಡ.

ಗೆ:
ಮುಖ್ಯಸ್ಥರು,
ಜನರ ಮನೆಯೊಳಗೆ ದೂರದಿಂದಲೇ ಇಣುಕಿ ಆ್ಯಪ್ ಪರೀಕ್ಷೆ ಮಾಡೋ ವಿಭಾಗ,
ಮಾತ್ರೆ ನೆನಪಿಸೋ ಆ್ಯಪಿನ ಕಂಪನಿ.

ವಿಷಯ: ನಾನು ಪಾಸಾಗಿದ್ದೇನೆ ಎಂಬ ತಮ್ಮ ವರದಿಯಿಂದ ನನ್ನ ಸಂಸಾರಕ್ಕೆ ಆಗಿರುವ ತೊಂದರೆ ಮತ್ತು ನನ್ನನ್ನು ಕೂಡಲೇ ನಪಾಸು ಮಾಡುವ ಬಗ್ಗೆ.

ಉಲ್ಲೇಖ: ೧) ತಮ್ಮ ಕಡೆಯ ಹುಡುಗಿ ವಿಡಿಯೋ ಕಾಲಲ್ಲಿ ಹೇಳಿದ "ನಾವಿಲ್ಲಿ ಇಲ್ವೇ ಇಲ್ಲ ಅಂದ್ಕೊಂಡ್ಬಿಡಿ ಅಂಕಲ್" ಎಂಬ ಮಾತು.
೨) ತಮ್ಮ ವರದಿ.
೩) ನನ್ನ ಹೆಂಡತಿ ಬಾಗಿಲು ಹಾಕಿದ ಸದ್ದು (ಕೆಳಗಿನ ಮನೆಯವರೂ ಕೇಳಿದ್ದಾರೆ).

ಮಾನ್ಯರೇ,

ಬರೆಯೋಕೆ ಕಣ್ಣು ಸರಿಯಿಲ್ಲ, ಬಾಯಿ ಗಟ್ಟಿಯಾಗಿದೆ. ಅದಕ್ಕೆ ಫೋನಿಗೆ ಹೇಳ್ತಾ ಇದೀನಿ, ಅದು ಬರ್ಕೊಳ್ತಾ ಇದೆ. ಕೆಮ್ಮು ಬಂದ್ರೆ ಅದನ್ನ ಬಿಟ್ಟು ಓದ್ಕೊಳ್ಳಿ.

೧. ತಮ್ಮ ಆ್ಯಪನ್ನ ನಾನು ನನ್ನ ಮನೇಲೇ, ನನ್ನ ಕುರ್ಚೀಲೇ ಕೂತು ಬಳಸೋದನ್ನ ದೂರದಿಂದ ನೋಡ್ತೀವಿ ಅಂದ್ರಿ. ಒಪ್ಕೊಂಡೆ. ವಿಷಯ ಕೇಳಿದ್ದೇ ತಡ, ನನ್ನ ಹೆಂಡತಿ ಸೋಫಾ ಮೇಲಿನ ಬಟ್ಟೆ ರಾಶಿ ಎತ್ತೋಕೆ ಶುರು ಮಾಡಿದ್ಲು. ತಮ್ಮ ಹುಡುಗಿ ಪರದೆಯೊಳಗಿಂದ "ಬೇಡ ಆಂಟಿ, ದಿನಾ ಹೇಗಿರತ್ತೋ ಹಾಗೇ ಇರ್ಲಿ, ಸಹಜ ಪರಿಸರ ಬೇಕು ನಮಗೆ" ಅಂದ್ಲು. "ದಿನಾ ಇರೋ ಹಾಗೆ ತೋರಿಸಿದ್ರೆ ನಿಮ್ಮ ಕಂಪನಿ ಮುಚ್ಚಬೇಕಾಗತ್ತಮ್ಮಾ" ಅಂತ ಇವಳು ರಾಶಿ ಅಲ್ಲೇ ಬಿಟ್ಟು ನನ್ನ ಪಕ್ಕದಲ್ಲೇ ಬೀನ್ಸ್ ಹೆಚ್ಚೋಕೆ ಕೂತ್ಲು. ಹಾಗಾಗಿ ಮುಂದಿನದ್ದೆಲ್ಲ ಅವಳ ಕಿವಿಗೆ ಬಿತ್ತು.

೨. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಇರಿ ಅಂತ ಅಪ್ಪಣೆಯಾಯ್ತು. ನನ್ನ ಜನ್ಮದಲ್ಲಿ "ಸಾಕು, ನಿಲ್ಸಿ" ಅಂದವರೇ ಎಲ್ಲ, ಹೇಳಿ ಅಂದವರು ನೀವೇ ಮೊದಲು. ಹೇಳಿದೆ. ಇವಳು ಮಾತ್ರೆ ಕೊಡೋ ರೀತಿ ಎತ್ತಿನ ಬಾಯಿಗೆ ಗೊಟ್ಟ ತುರುಕಿ ಔಷಧಿ ಸುರಿದ ಹಾಗಿರತ್ತೆ ಅಂತಾನೂ ಹೇಳಿದೆ. ಅವಳು ಬೀನ್ಸ್ ಸ್ವಲ್ಪ ಜೋರಾಗಿ ಹೆಚ್ಚಿದ್ಲು, ಅಷ್ಟೇ. ಅಷ್ಟು ನಮ್ಮಲ್ಲಿ ಮಾಮೂಲು.

೩. ನನ್ನ ಹೆಸರು ಹಾಕೋದು, ಮಾತ್ರೆ ಹೆಸರು ಹಾಕೋದು, ಈ ಎರಡು ಕೆಲಸ ಸಲೀಸಾಗಿ ಮುಗೀತು. ಈಗ ಬಂತು ಮೂರನೇ ಕೆಲಸ. ನಾನು ಮಾತ್ರೆ ಮರೆತ್ರೆ ಯಾರಿಗೆ ಸುದ್ದಿ ಕಳಿಸಬೇಕೋ ಅವರ ಹೆಸರು ಹಾಕಬೇಕು. ಪರದೆ ಮೇಲೆ ಎರಡು ಗುಂಡಿ. "ನನ್ನವರನ್ನು ಸೇರಿಸಿ" ಅನ್ನೋದು ಮೂಲೇಲಿ, ಬೂದಿ ಬಣ್ಣದಲ್ಲಿ, ಸೊಳ್ಳೆ ಗಾತ್ರಕ್ಕಿತ್ತು. "ನನಗೆ ಯಾರೂ ಇಲ್ಲ" ಅನ್ನೋದು ಮಧ್ಯದಲ್ಲಿ, ಹಸಿರಾಗಿ, ಹಲಗೆಯಷ್ಟು ದೊಡ್ಡದಾಗಿತ್ತು. ನಾನು ಆಯುಷ್ಯ ಪೂರ್ತಿ ಲಿಫ್ಟಿಗೆ ಗುಂಡಿ ಜೋಡಿಸಿದವನು ಸ್ವಾಮಿ. ಹಸಿರು ಅಂದ್ರೆ ಹೊರಡು ಅಂತ. ಒತ್ತಿದೆ.

ಮುದುಕರಿಗೆ ಅನುಕೂಲ ಆಗ್ಲಿ ಅಂತ ತಮ್ಮ ಆ್ಯಪು ಎಲ್ಲವನ್ನೂ ಜೋರಾಗಿ ಓದತ್ತಲ್ಲ, ಓದಿತು: "ನಿಮಗೆ ಯಾರೂ ಇಲ್ಲ. ಸರಿಯೇ?"

ಫೋನು ಏನು ಕೇಳಿದ್ರೂ ನಾನು "ಸರಿ" ಒತ್ತೋನು, ಇದಕ್ಕೂ ಒತ್ತಿದೆ. ನೀವೂ ಅಷ್ಟೇ, ಸುಳ್ಳು ಹೇಳ್ಬೇಡಿ.

ಬೀನ್ಸ್ ಸದ್ದು ನಿಂತಿತು. ನಾನು ಗಾಬರಿಯಾಗಿ "ಏನಮ್ಮಾ, ಇದನ್ನ ವಾಪಸ್ ತಗೊಳ್ಳೋದು ಹೇಗೆ?" ಅಂದೆ. ತಮ್ಮ ಹುಡುಗಿ ನಿಯಮದ ಪ್ರಕಾರ ಸಹಾಯ ಮಾಡೋ ಹಾಗಿಲ್ವಂತೆ. "ನಾವಿಲ್ಲದಿದ್ರೆ ನೀವೇನ್ ಮಾಡ್ತಿದ್ರಿ ಅಂಕಲ್?" ಅಂತ ನಯವಾಗಿ ಕೇಳಿದ್ಲು.

ನೀವಿಲ್ಲದಿದ್ರೆ ನನ್ನ ಹೆಂಡತಿ ಮನೇಲಿರ್ತಿದ್ಲು ತಾಯಿ.

೪. ಬಾಗಿಲು ದಡಾರನೆ ಹಾಕಿ ಅವಳು ಹೋಗಿ ಕೂತದ್ದು ಹಿಂದಿನ ಬೀದಿಯ ಅವಳಣ್ಣನ ಮನೇಲಿ. ನಾನು ನಿರಪರಾಧಿ ಅನ್ನೋದಕ್ಕೆ ಪುರಾವೆ ಬೇಕಿತ್ತು. ಅಷ್ಟರಲ್ಲಿ ತಮ್ಮ ವರದಿ ಬಂತು. ಓದದೇ ಅವಳಿಗೆ ಕಳಿಸಿಬಿಟ್ಟೆ, ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ. ಅದನ್ನ ಅವಳಣ್ಣ, ಅಂದ್ರೆ ನಮ್ಮ ಭಾವ, ಮನೆಮಂದಿ ಎಲ್ಲ ಕೂರಿಸಿಕೊಂಡು ಓದಿದ್ರಂತೆ: "ಮೂರನೇ ಕೆಲಸ. ಬಳಕೆದಾರರು ಯಾವುದೇ ಗೊಂದಲವಿಲ್ಲದೆ, ನಿರೀಕ್ಷೆಗಿಂತ ಬೇಗ ಮುಗಿಸಿದರು. ಪಾಸು."

ಆಮೇಲೆ ಫೋನ್ ಮಾಡಿದೆ.

"ಯಾರು ಮಾತಾಡೋದು?"

"ನಾನು ಕಣೇ."

"ನಾನು ಅಂದ್ರೆ? ಯಾರೂ ಇಲ್ಲದೋರಾ?"

"ಅಯ್ಯೋ, ಗುಂಡಿ ದೊಡ್ಡದಾಗಿತ್ತು, ಹಸಿರಾಗಿತ್ತು…"

"ದೊಡ್ಡದಾಗಿ ಹಸಿರಾಗಿದ್ರೆ ಒತ್ತಿಬಿಡ್ತೀರಾ? ಗೊಂದಲ ಇರ್ಲೇ ಇಲ್ಲ ಅಂತ ಕಂಪನಿಯವರೇ ಬರ್ದಿದಾರೆ. ಓದಿದ ಜನ ಸುಳ್ಳು ಬರೀತಾರಾ? ನಪಾಸು ಅಂತ ಬರೆಸ್ಕೊಂಡು ಬನ್ನಿ, ಆಮೇಲೆ ಮಾತು."

ಹಿಂದಿನಿಂದ ಭಾವ "ಸರಿಯಾಗಿ ಹೇಳಿದೆ ನೋಡು" ಅಂದದ್ದು ನನಗೆ ಕೇಳಿಸ್ತು. ಅವರಿಗೆ ಕೇರಂ ಆಡೋಕೆ ಜೊತೆ ಸಿಕ್ಕಿದೆ, ಅವರಿಗೇನು.

೫. ಇಷ್ಟರ ಮೇಲೆ ತಮ್ಮ ಹುಡುಗಿ ಮತ್ತೆ ಫೋನ್ ಮಾಡಿ, ಅಂಕಲ್, ಎರಡನೇ ಸುತ್ತು ಮಾಡೋಣ, ಅದೇ ಸಹಜ ಪರಿಸರದಲ್ಲಿ ಅಂತಾಳೆ. ನನ್ನ ಸಹಜ ಪರಿಸರ ಈಗ ಭಾವನ ಮನೆ ಸೋಫಾ ಮೇಲೆ ಕಾಲು ಚಾಚ್ಕೊಂಡು ಕೂತಿದೆ. ಇಲ್ಲಿರೋದು ನಾನು, ಬಟ್ಟೆ ರಾಶಿ ಮತ್ತು ಬಾಡಿದ ಬೀನ್ಸ್. ಆದ ಕಾರಣ ಈ ಮನೇಲಿ ಸದ್ಯಕ್ಕೆ ಯಾವ ಪರೀಕ್ಷೆ ನಡೆಸಿದ್ರೂ ಊರ್ಜಿತ ಆಗೋದಿಲ್ಲ.

ಆದ್ದರಿಂದ ಸದರಿ ಮೂರನೇ ಕೆಲಸದಲ್ಲಿ ನಾನು ಸಂಪೂರ್ಣ ಗೊಂದಲದಲ್ಲಿದ್ದೆನೆಂದೂ, ಹೀನಾಯವಾಗಿ ಸೋತೆನೆಂದೂ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಬೇಕಾಗಿ… ತಡೀರಿ, ಬಾಗಿಲು ಸದ್ದಾಯ್ತು.

"ಯಾರ ಹತ್ರ ಮಾತು?"

"ಕಂಪನಿಗೆ ಅರ್ಜಿ. ನಪಾಸು ಮಾಡಿ ಅಂತ."

"ಅದಕ್ಕೆ ಅರ್ಜಿ ಬೇರೆ ಬೇಕಾ? ಮುಖ ನೋಡಿದ್ರೆ ಗೊತ್ತಾಗತ್ತೆ. ನಾನು ಬಂದದ್ದು ನನ್ನ ಸ್ವೆಟರ್ ತಗೊಂಡು ಹೋಗೋಕೆ. ಅಲ್ಲಿ ಅಣ್ಣ ರಾತ್ರಿಯೆಲ್ಲ ಫ್ಯಾನ್ ಹಾಕ್ತಾನೆ."

"ಒಂದು ನಿಮಿಷ. ಆ್ಯಪು ಹಾಕಿರೋ ಆ ಇನ್ನೊಂದು ಫೋನಲ್ಲಿ ನೀನೇ ಮಾಡಿ ನೋಡು. ನಿನ್ನ ಹೆಸರಲ್ಲಿ."

"ನನಗೇನು, ಕಣ್ಣು ಕಾಣತ್ತೆ, ತಲೆಯೂ ಇದೆ. ಕೊಡಿ ಇಲ್ಲಿ. ಹೆಸರು ಹಾಕಿದೆ. ಮಾತ್ರೆ ಹಾಕಿದೆ. ಇದೇನು ಮುಂದೆ? ಹೂಂ, ಇದು."

"ನಿಮಗೆ ಯಾರೂ ಇಲ್ಲ. ಸರಿಯೇ?"

ಮಾನ್ಯರೇ, ಮೇಲಿನ ಸಾಲು ತಮ್ಮ ಆ್ಯಪಿನದ್ದು. ನನ್ನದಲ್ಲ.

"ಯಾವನ್ರೀ ಇದನ್ನ ಮಾಡಿದ ಅಡ್ನಾಡಿ! ಬದುಕಿರೋ ಗಂಡನ್ನ ಎದುರಿಗೆ ಇಟ್ಕೊಂಡು… ಥೂ. ಏನ್ರೀ ನಗ್ತೀರಾ? ನಗಬೇಡಿ. ಬೀನ್ಸ್ ಎಲ್ಲಿಟ್ಟಿದೀರಿ? ಇನ್ನೂ ಇಲ್ಲೇ ಇದೆಯಾ? ದೇವರೇ, ವಾಸನೆ!"

ತಮ್ಮ ಮೇಲೆ ವಿಶ್ವಾಸ ಇನ್ನೂ ಪೂರ್ತಿ ಬಂದಿರದ,
ಅರ್ಜಿದಾರ

ಲಗತ್ತುಗಳು:
೧. ಹಸಿರು ಗುಂಡಿಯ ಫೋಟೋ.
೨. ಪಾಸು ಮಾಡಿದ ವರದಿ, ಭಾವ ಅಡಿಗೆರೆ ಎಳೆದದ್ದು.
೩. ಹೆಂಡತಿ (ಅಡುಗೆಮನೇಲಿ ಪಾತ್ರೆ ಕುಕ್ಕುತ್ತಿದ್ದಾಳೆ, ಪರಿಶೀಲನೆಗೆ ಲಭ್ಯ, ಕಳಿಸಿಕೊಡಲಾಗುವುದಿಲ್ಲ).

ಕೊನೆಯದಾಗಿ: ನನ್ನನ್ನೊಬ್ಬನನ್ನೇ ನಪಾಸು ಮಾಡಿ ಎಂಬ ಮೇಲಿನ ಕೋರಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ನಮ್ಮಿಬ್ಬರನ್ನೂ ನಪಾಸು ಮಾಡಬೇಕು. ಬೇರೆ ಬೇರೆ ಪತ್ರ ಬೇಡ. ಒಂದೇ ಹಾಳೆಯಲ್ಲಿ, ಅವಳ ಹೆಸರು ಮೊದಲು.