ಪತಸಂಸ್ಥೆ ಹುಟ್ಟಿದ್ದು ನಮ್ಮತ್ತೆಯ ಅಡುಗೆಮನೆಯಲ್ಲಿ

ಇತಿಹಾಸ ಬರೆಯುವುದು ಸುಲಭ, ಅದನ್ನು ಕಣ್ಣಾರೆ ಕಂಡವರು ಮನೆಯಲ್ಲಿ ಇರಬಾರದು ಅಷ್ಟೇ. ಇಚಲಕರಂಜಿಯ ನಮ್ಮ ಓಣಿಯ ಪತಸಂಸ್ಥೆಯ, ಅಂದರೆ ಸಾಲ ಕೊಡುವ ಸಹಕಾರಿ ಸಂಘದ, ಇತಿಹಾಸವನ್ನು ಸ್ಮರಣಸಂಚಿಕೆಗೆ ಬರೆದುಕೊಡಲು ಒಪ್ಪಿಕೊಂಡಾಗ ನನಗಿದು ಹೊಳೆದಿರಲಿಲ್ಲ. ನಾನು ಮಗ್ಗದ ಕಾರಖಾನೆಯ ದಿವಾಣಜಿ, ಅಂದರೆ ಗುಮಾಸ್ತ. ಅಂಥವನನ್ನು ಚೇರ್ಮನ್‌ರು ‘ಲೇಖಕರು’ ಎಂದು ಕರೆದರಲ್ಲ, ಆ ಒಂದು ಮಾತಿಗೇ ಉಬ್ಬಿಹೋದೆ. ವಿಷಯವನ್ನೂ ಅವರೇ ಕೊಟ್ಟರು. “ನಮ್ಮ ಅಪ್ಪಾರು ಸ್ಥಾಪನಾ ಮಾಡಿದ್ರು ಅಂತ ಬರೀರಿ, ಸಾಕು.”

ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ, ಹೊಗಳಿಸಿಕೊಳ್ಳುವ ಚಟ. ಗಡಹಿಂಗ್ಲಜ ಕಡೆಯ ನೂಲದಿಂದ ಇದೇ ಓಣಿಗೆ ಸೊಸೆಯಾಗಿ ಬಂದು, ಈಗ ನಮ್ಮ ಜೊತೆಗಿರುವ ನನ್ನ ಅತ್ತೆ ಗಂಗವ್ವ ಮೆಂತ್ಯದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

“ಅಳಿಯಾರ, ಅವರಪ್ಪ ಮಾಡಿದ್ದು ಬೋರ್ಡ್ ಬರಸೂದಷ್ಟ. ಮೊದಲ ಅದು ಭಿಶಿ ಇತ್ತು. ಓಣ್ಯಾಗಿನವರ ರೊಕ್ಕೆಲ್ಲಾ ನನ್ನ ಜ್ವಾಳದ ಡಬ್ಬ್ಯಾಗ ಇರತಿತ್ತು.”

ಭಿಶಿ ಎಂದರೆ ನಾಲ್ಕಾರು ಮನೆಯವರು ಸೇರಿ ನಡೆಸುವ ಚೀಟಿ. ನನಗೆ ಕುತೂಹಲ ತಡೆಯಲಾಗಲಿಲ್ಲ. ಇಷ್ಟು ವರ್ಷ ಇವರ ಕೈಯ ರೊಟ್ಟಿ ತಿಂದರೂ ಈ ಸಂಗತಿ ಗೊತ್ತಿರಲಿಲ್ಲವಲ್ಲ! ನಿಮ್ಮ ಹತ್ತಿರವೇ ಯಾಕೆ ಇಟ್ಟರು ಎಂದು ಕೇಳಿದೆ.

“ನಾ ಲಗೂನ ಯಾರಿಗೂ ಕೊಡತಿದ್ದಿಲ್ಲ, ಅದಕ್ಕ. ಗಂಡಸ ಸಾಲಾ ಕೇಳಾಕ ಬಂದ್ರ, ಹೇಣ್ತಿನ್ನ ಕರಕೊಂಡ ಬಾ ಅಂತಿದ್ದೆ. ಆಕಿ ಹೂಂ ಅಂದ್ರ ರೊಕ್ಕ, ಇಲ್ಲಂದ್ರ ಚಾ ಕುಡದ ಹೋಗೂದು. ನಿಮ್ಮ ಮಾವಾರೂ ಭಾಳ ಸಲ ಬರೇ ಚಾ ಕುಡದ ಹೋಗ್ಯಾರ.” ಆಮೇಲೆ ಸೊಪ್ಪಿಗೆ ಕೈಹಾಕುತ್ತ, “ಒಂದ ಸಭಾದಾಗೂ ನನ್ನ ಹೆಸರ ಯಾರೂ ತಗೀಲಿಲ್ಲ ನೋಡ್ರಿ,” ಎಂದರು.

ಈ ಹೆಸರು ಬರದಿದ್ದರೆ ನನ್ನ ಲೇಖಕತನಕ್ಕೆ ಬೆಂಕಿ ಬೀಳಲಿ ಎಂದುಕೊಂಡು ಎಲ್ಲವನ್ನೂ ತಿದ್ದಿ ಬರೆದೆ. ಚೇರ್ಮನ್‌ರು ಓದಿ, “ಜ್ವಾಳದ ಡಬ್ಬಿ ಅಂತ ಬರದ್ರ ಠೇವಣಿ ಇಟ್ಟವರು ಏನಂತಾರ್ರೀ?” ಎಂದು ಮುಖ ಸಿಂಡರಿಸಿದರು. ನಾನು ಅಚ್ಚಿಗೆ ಕಾಯಲಿಲ್ಲ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಓದಿಯೇಬಿಟ್ಟೆ. ಹೆಂಗಸರ ಚಪ್ಪಾಳೆ ನಿಲ್ಲಲೇ ಇಲ್ಲ. ಚೇರ್ಮನ್‌ರಿಗೂ ಓಟು ಬೇಕಲ್ಲ, ತಾವೇ ಮುಂದೆ ಬಂದು ಅತ್ತೆಗೆ ಶಾಲು ಹೊದಿಸಿದರು. ಅತ್ತೆಯ ಕಣ್ಣು ತುಂಬಿತು, ನನ್ನದೂ. ಮೈಕು ಕೈಗೆ ಬಂದಾಗ ಅವರು ಹೇಳಿದ್ದು ಒಂದೇ ಮಾತು: “ಹಳೇ ಪದ್ಧತಿ ಮತ್ತ ಚಾಲೂ ಮಾಡ್ರಿ.” ಠರಾವು ಅಲ್ಲಿಯೇ ಪಾಸಾಯಿತು. ಮೊದಲು ಕೈ ಎತ್ತಿದವನು ನಾನೇ.

ಮರುವಾರ ಮೋಟಾರ್‌ಸೈಕಲ್ಲಿಗೆ ಸಾಲ ಕೇಳಲು ಪತಸಂಸ್ಥೆಗೆ ಹೋದೆ. ಚೇರ್ಮನ್‌ರು ಭಾರಿ ಮರ್ಯಾದೆಯಿಂದ ಕೂರಿಸಿ, “ವಹಿನಿಯವರು ಬಂದಿಲ್ಲೇನ್ರಿ ಲೇಖಕರ?” ಎಂದರು. ಮನೆಗೆ ಬಂದು ಆ ‘ವಹಿನಿ’ಯನ್ನು, ಅಂದರೆ ನನ್ನ ಹೆಂಡತಿಯನ್ನು, ಕರೆದೆ. ಅವಳು ಸ್ವಲ್ಪ ಯೋಚಿಸಿ, “ತಡೀರಿ, ಅವ್ವನ್ನ ಒಂದ ಮಾತ ಕೇಳೂನು,” ಅಂದಳು.

ಕಾರಖಾನೆಗೆ ನಾನು ಈಗಲೂ ನಡೆದೇ ಹೋಗುತ್ತೇನೆ.